ಬೂಷ್ಟು ಎಂದು ಕೆರೆದ ನೀಹಾರಿಕೆ

ಸಾಗರ
೧೨-೨-೧೯೬೭

ತೀರ್ಥಹಳ್ಳಿಯ ವಿಜ್ಞಾನದ ಮೇಷ್ಟ್ರು ವೆಂಕಟರಾಮ ಅವರಿಗೆ, ಬರುವ ಭಾನುವಾರ ನೀವು ನೋಡಲು ಬರಲಿರುವ ಹೆಣ್ಣು ಜಲಜಾಕ್ಷಿಯ ನಮಸ್ಕಾರಗಳು.

ಹೆಣ್ಣು ತಾನೇ ಕಾಗದ ಬರೆಯುವುದು ನಮ್ಮ ಕಡೆ ಇಲ್ಲ. ಚಿಕ್ಕಪ್ಪನಿಗೆ ಗೊತ್ತಾದರೆ ತಮ್ಮ ಫೋಟೋ ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ನನ್ನನ್ನೇ ತೊಳೆದು ಕ್ಲಿಪ್ಪು ಹಾಕಿ ನೇತುಹಾಕಿಬಿಡುತ್ತಾರೆ. ಆದರೂ ಬರೆಯುತ್ತಿದ್ದೇನೆ.

ದೂರದರ್ಶಕಕ್ಕೆ ಕ್ಯಾಮೆರಾ ಕಟ್ಟಿ ತೆಗೆದ ಫೋಟೋದಲ್ಲಿ ನಕ್ಷತ್ರಗಳು ಬಂದಿವೆ, ನೀಹಾರಿಕೆ ಮಾತ್ರ ಬಂದಿಲ್ಲ, ವರ್ಷಗಟ್ಟಲೆ ಉಜ್ಜಿ ಮಾಡಿದ ದೂರದರ್ಶಕದ ಕನ್ನಡಿ ದಂಡ, ಎಲ್ಲ ಮಾರಿಬಿಡುತ್ತೇನೆ ಎಂದು ನೀವು ಚಿಕ್ಕಪ್ಪನಿಗೆ ಬರೆದಿದ್ದೀರಿ. ಮಾರಬೇಡಿ. ನೀಹಾರಿಕೆ ಬಂದಿತ್ತು.

ಪ್ರಿಂಟು ಹಾಕಲು ನೀವು ನಮಗೆ ಕಳಿಸಿದ ನೆಗೆಟಿವ್‌ನ ಲಕೋಟೆಯ ಮೇಲೆ 'ನೀಹಾರಿಕೆ, ಎರಡು ಪ್ರತಿ' ಎಂದಿತ್ತು. ಯಾರೇ ಇವಳು ನೀಹಾರಿಕೆ, ಮದುವೆ ಮಾತಾಡ್ತಾ ಇರೋವಾಗ, ಎಂದು ಚಿಕ್ಕಪ್ಪ ಗಾಬರಿಯಿಂದ ದೀಪಕ್ಕೆ ಹಿಡಿದು ಹುಡುಕಿದರು. ಹುಡುಗಿಯೂ ಇಲ್ಲ ಎಂತದೂ ಇಲ್ಲ, ಬರೀ ಬೂಷ್ಟು ಎಂದರು. ಇಲ್ಲಿನ ಥಂಡಿಗೆ ಫಿಲ್ಮಿಗೆ ಬೂಷ್ಟು ಹಿಡಿಯುವುದು ಹೊಸದಲ್ಲ. ಅದು ನಕ್ಷತ್ರ ಹುಟ್ಟೋ ಮೋಡವಂತೆ, ಮೇಷ್ಟ್ರು ಒಳಗಿನ ಚೀಟಿಯಲ್ಲಿ ಬರೆದಿದ್ದಾರೆ ಎಂದೆ. ಎಸ್ಸೆಸ್ಸೆಲ್ಸಿ ಬಿಟ್ಟು ಓಡಿಬಂದವಳು ನಂಗೆ ಪಾಠ ಹೇಳ್ತೀಯಾ, ಎಂದು ಬ್ಲೇಡು ತಗೊಂಡು ಬಲು ನಾಜೂಕಾಗಿ ಪೂರ್ತಿ ಕೆರೆದರು. ಭಾವೀ ಅಳಿಯನ ಫೋಟೋ ಎಂದು ಎರಡು ಸಲ ಒರೆಸಿದರು ಬೇರೆ.

ಚಿಕ್ಕಪ್ಪ ಕೆರೆಯುವ, ತಿದ್ದುವ ಮೊದಲು ಪ್ರೂಫ್, ಅಂದರೆ ಇದ್ದದ್ದು ಇದ್ದ ಹಾಗೆ ಒಂದು ಪ್ರತಿ, ತೆಗೆಯುವುದು ನನ್ನ ಕೆಲಸ. ಅದನ್ನು ಇದರ ಜೊತೆ ಇಟ್ಟಿದ್ದೇನೆ. ಹಿಂಜಿದ ಹತ್ತಿಯ ಹಾಗೆ ನಿಮ್ಮ ಮೋಡ ಚೆನ್ನಾಗಿಯೇ ಇದೆ.

ಇನ್ನೊಂದು ವಿಷಯ. ನಿಮಗೆ ಕಳಿಸಿದ ನನ್ನ ಫೋಟೋದ ಮೇಲೂ ಇದೇ ಕೈ ಆಡಿದೆ. ನನ್ನ ಎರಡೂ ಕೆನ್ನೆಯ ಮೇಲೆ ಸಿಡುಬಿನ ಕಲೆಗಳಿವೆ. ಚಿಕ್ಕಪ್ಪ ಪೆನ್ಸಿಲ್ಲಿನಲ್ಲಿ ಟಚಿಂಗ್ ಮಾಡಿ ಎಲ್ಲ ಮುಚ್ಚಿದ್ದಾರೆ. ಆ ಪ್ರೂಫೂ ಇದರೊಳಗಿದೆ. ಚಿಕ್ಕಮ್ಮ ಆಗಲೇ ಭಾನುವಾರದ ಕೇಸರಿಬಾತಿಗೆ ರವೆ ಹುರಿದಿಟ್ಟಿದ್ದಾರೆ. ಅದರ ಮುಲಾಜು ನಿಮಗೆ ಬೇಡ. ನೋಡಿ ತೀರ್ಮಾನಿಸಿ. ನೀವು ಬಾರದಿದ್ದರೆ ನನಗೇನೂ ಬೇಸರವಿಲ್ಲ ಎಂದು ಬರೆಯಲು ಹೊರಟೆ. ಅದು ಸುಳ್ಳಾಗುತ್ತದೆ, ಬರೆಯಲಿಲ್ಲ.

ಇಂತಿ,
ಕಲೆಗಳ ಸಮೇತ
ಜಲಜಾಕ್ಷಿ

ವಿ.ಸೂ.: ಗಂಡಿನ ಕಡೆಯಿಂದ ಬಂದ ನಿಮ್ಮ ಫೋಟೋ ಹೋದ ವರ್ಷ ನಮ್ಮ ಸ್ಟುಡಿಯೋದಲ್ಲೇ ತೆಗೆಸಿದ್ದು. ಅದರಲ್ಲಿ ನೆತ್ತಿಯ ಮೇಲಿರುವ ಕೂದಲು ಚಿಕ್ಕಪ್ಪನ ಬ್ರಷ್ಷಿನದು. ನಾನು ಒಪ್ಪಿದ್ದು ಪ್ರೂಫ್ ನೋಡಿ. ಭಾನುವಾರ ಟೋಪಿ ಹಾಕಿಕೊಂಡು ಬರಬೇಡಿ.