ನನ್ನ ಮಗಳ ತೊಡೆ, ನನ್ನ ಸಹಿ

ಮಂಗೋರ್ ಹಿಲ್, ವಾಸ್ಕೋ
9 ಜೂನ್ 2025, ಸೋಮವಾರ

ಅವ್ವಗೆ ನಂದಾಳ ನಮಸ್ಕಾರ. ಸಾಷ್ಟಾಂಗ ಈ ಸಲ ಇಲ್ಲ. ನಿಂತುಕೊಂಡೇ ಬರೆಯುತ್ತಿದ್ದೇನೆ ಅಂತ ತಿಳಿ.

ಫೋನಿನಲ್ಲಿ ಆಗದ ಮಾತಿದು. ನೀನು ಅಳುತ್ತೀ, ನಾನು ಬೈಯುತ್ತೇನೆ, ತಮ್ಮ ಪರಶು ಫೋನು ಕಸಿದುಕೊಂಡು ಕಟ್ ಮಾಡುತ್ತಾನೆ. ಈ ಕಾಗದ ಓದಿ ಹೇಳುವವನೂ ಅವನೇ ಎಂದು ಗೊತ್ತು. ಪರಶು, ನಿನ್ನ ಹೆಸರು ಬಂದಲ್ಲೆಲ್ಲ ಕೆಮ್ಮಿ ಮುಂದಕ್ಕೆ ದಾಟಬೇಡ. ಇದ್ದದ್ದು ಇದ್ದಂತೆ ಓದು.

ಅವ್ವಾ, ಹೋದ ವಾರ ನೀನು ಹೇಳಿಕಳಿಸಿದ ಮಾತು ಬಂದು ಮುಟ್ಟಿತು. “ಆ ಸೂಜಿಯಿಂದ ಕೂಸಿನ್ನ ಬಿಡಿಸ್ಕೊಂಡು ಬಾ, ತೊಟ್ಲಾ ಇಲ್ಲೇ ಕಟ್ತೇನಿ. ಇಲ್ಲಂದ್ರ ತವರಮನಿ ಮರತುಬಿಡು” ಎಂದಿದ್ದೀ. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಬಿಡಿಸುವುದಿಲ್ಲ. ಯಾಕೆ ಅಂತ ಈಗ ಕೇಳು.

ನನ್ನ ರಕ್ತದಲ್ಲಿ ಎಚ್‌ಐವಿ ಇದೆ ಎಂದು ಬಸುರಿನ ಐದನೇ ತಿಂಗಳಲ್ಲಿ ಆಸ್ಪತ್ರೆಯವರು ಹೇಳಿದರು. ನಿನಗೆ ಹೇಳಿದೆ. ನೀನು “ಯಾರ ಮುಂದೂ ಬಾಯಿ ಬಿಡಬ್ಯಾಡ” ಎಂದೆ, ಚೊಚ್ಚಲ ಬಾಣಂತನಕ್ಕೆ ಕರೆಯದೆ ಸುಮ್ಮನಾದೆ. ತವರು ನನ್ನನ್ನು ಮರೆತದ್ದು ಆಗಲೇ. ಗಂಡ ದೇವು ತನ್ನ ರಕ್ತವನ್ನೂ ತೋರಿಸಿದ, ಅವನಿಗೂ ಇತ್ತು. ಮರುವಾರ ಸಾಂಖಳಿಗೆ ಸೆಂಟ್ರಿಂಗ್ ಕೆಲಸಕ್ಕೆ ಹೋದವನು ಅಲ್ಲೇ ಉಳಿದ. ನಾನು ದಿನಾ ಗುಳಿಗೆ ನುಂಗಿದೆ. ರೋಗ ದಾಟದಂತೆ ಹುಟ್ಟಿದ ದಿನದಿಂದ ಆರು ವಾರ ಕೂಸಿಗೆ ಔಷಧ ಕುಡಿಸಿದೆ. ಆಗ ಷರತ್ತು ಹಾಕಲು ನೀವು ಯಾರೂ ಬರಲಿಲ್ಲ.

ಏಳನೇ ತಿಂಗಳಲ್ಲಿ ಆಸ್ಪತ್ರೆಯವರು ಇನ್ನೊಂದು ಮಾತು ತಂದರು. ನಮ್ಮಂಥ ತಾಯಂದಿರಿಗೆ ಹುಟ್ಟುವ ಕೂಸುಗಳಲ್ಲಿ ಎಚ್‌ಐವಿ ತಡೆಯುವ ಹೊಸ ಲಸಿಕೆಯ ಪರೀಕ್ಷೆ. ಹುಟ್ಟಿದ ದಿನವೇ ಮೊದಲ ಸೂಜಿ, ಆಮೇಲೆ ತಿಂಗಳುಗಳ ಅಂತರದಲ್ಲಿ ಇನ್ನಷ್ಟು. ಕೌನ್ಸೆಲರ್ ಮೇಡಂ ಮರಾಠಿಯ ಹದಿನಾಲ್ಕು ಹಾಳೆ ಕೊಟ್ಟು, ಸಹಿಯ ಜಾಗ ತೋರಿಸಿದಳು. ಕನ್ನಡದಲ್ಲಿ ಕೊಡಿ ಎಂದೆ. ಬಾಕಿಯವರೆಲ್ಲ ಸಹಿ ಮಾಡಿದ್ದಾರೆ, ನಿನ್ನದೇನು ಹೊಸದು ಅಂತ ಹಿಂದಿಯಲ್ಲಿ ಅಂದಳು. ಅವರ ಕೂಸು ಅವರದು, ನನ್ನದು ನನ್ನದು ಎಂದು ನಾನೂ ಹಿಂದಿಯಲ್ಲೇ ಅಂದು ಎದ್ದೆ. ಜೊತೆಗೆ ಬಂದಿದ್ದ ಎದುರು ಮನೆಯ ಖಾತುನ ಆ ಹಾಳೆಗಳನ್ನು ಎತ್ತಿಕೊಂಡು, “ಇವನ್ನ ರೊಟ್ಟಿ ಸುತ್ತಾಕ ಒಯ್ಯೋಣೇನ್ರಿ ಮೇಡಮ್ಮಾರ” ಎಂದಳು.

ಹದಿನೈದು ದಿನಕ್ಕೆ ಕನ್ನಡದ ಹಾಳೆಗಳು ಬಂದವು. ಆ ಕನ್ನಡವೂ ನನಗೆ ತಿಳಿಯಲಿಲ್ಲ, ಬಿಡು. ಡಾಕ್ಟರಮ್ಮನನ್ನೇ ಕೂರಿಸಿ ಬಾಯಿಂದ ಹೇಳಿಸಿದೆ. ನಿಮ್ಮ ಸೂಜಿ ಬಡವರ ಕೂಸಿನ ತೊಡೆಯನ್ನೇ ಯಾಕೆ ಹುಡುಕುತ್ತದೆ ಎಂದು ಮುಖಕ್ಕೆ ಕೇಳಿದೆ. ರೋಗದ ಅಂಜಿಕೆ ಇರುವ ಕೂಸುಗಳಲ್ಲೇ ನೋಡಬೇಕಾಗುತ್ತದೆ ಎಂದಳು. ಹಾಗಾದರೆ ನಾಳೆ ಲಸಿಕೆ ಗೆದ್ದರೆ ಮೊದಲು ನಮ್ಮ ಓಣಿಗೆ ಬರುತ್ತದೋ, ದುಡ್ಡಿದ್ದವರ ಆಸ್ಪತ್ರೆಗೋ ಎಂದೆ. ಗೊತ್ತಿಲ್ಲ ಎಂದಳು. ಗೊತ್ತಿಲ್ಲ ಎನ್ನುವ ಡಾಕ್ಟರನ್ನು ನಾನು ಅವತ್ತೇ ನೋಡಿದ್ದು. ನಿನ್ನ ಕೂಸನ್ನು ಇದು ಕಾಯುತ್ತದೆ ಎಂದು ಮಾತು ಕೊಡಲಾರೆ, ಮೊದಲು ಇದರಿಂದ ತೊಂದರೆ ಇಲ್ಲವೆಂದು ನೋಡಬೇಕು, ರಕ್ತ ಕಾದಾಡಲು ಕಲಿಯುತ್ತದೋ ನೋಡಬೇಕು ಎಂದಳು. ಲಸಿಕೆಯಿಂದ ರೋಗ ಬರುವುದಿಲ್ಲ, ಬೇಡವೆನಿಸಿದ ದಿನ ಬಿಡಬಹುದು, ಬಿಟ್ಟರೂ ಗುಳಿಗೆ ನಿಲ್ಲುವುದಿಲ್ಲ ಎಂದಳು. ಎಲ್ಲವನ್ನೂ ಮೂರು ಸಲ ಕೇಳಿಸಿಕೊಂಡು ಸಹಿ ಮಾಡಿದೆ. ತಂದೆಯ ಸಹಿಯೂ ಬೇಕೆಂದಾಗ ತುಂಬು ಬಸುರಿ ಬಸ್ಸು ಹತ್ತಿ ಸಾಂಖಳಿಗೆ ಹೋದೆ. ದೇವು ಸಿಮೆಂಟಿನ ಕೈಯಲ್ಲೇ ಗೀಚಿದ. ಏನು ಬರೆದಿದೆ ಎಂದು ಕೇಳಲಿಲ್ಲ.

ಮುಂದೆ ಹುಟ್ಟುವ ಕೂಸುಗಳಿಗೆ ಒಂದು ಲಸಿಕೆ ಸಿಗಬೇಕಾದರೆ ಯಾರದೋ ಕೂಸು ಮೊದಲು ಅಳಬೇಕು. ಅಮ್ಮನನ್ನು ಕೇಳದೆ ಅಳಿಸಿದರೆ ಅದು ದರೋಡೆ. ನನ್ನನ್ನು ಕೇಳಿದ್ದಾರೆ. ಕೇಳುವ ಹಾಗೆ ಮಾಡಿದ್ದು ನಾನು.

ಈಗ ಪರಶುವಿನ ಸರದಿ. ಕೂಸಿಗೆ ಎರಡು ತಿಂಗಳಾದಾಗ ನೋಡಲು ಬಂದ. ಹೇಳದೆ ಕೇಳದೆ ಸಹಿ ಮಾಡಿದೆ ಎಂದು ನನ್ನ ಮೇಲೆ ಕೂಗಾಡಿದ, ನಾನು ಮಾಡಿದ ಸಾರು ಎರಡು ಸಲ ಹಾಕಿಸಿಕೊಂಡು ಉಂಡ. “ಕೂಸಿನ್ನ ಗುಡಿಗೆ ಕರ್ಕೊಂಡ್ಹೋಗಿ ಬರ್ತೇನಿ” ಎಂದು ಎತ್ತಿಕೊಂಡವನು ನೆಟ್ಟಗೆ ಪೇಟೆಯ ಲ್ಯಾಬಿಗೆ ಒಯ್ದು ರಕ್ತ ತೆಗೆಸಿದ. ಆಮೇಲೆ ಅಲ್ಲಿಗೆ ಹೋಗಿ ಪುಸ್ತಕ ನೋಡಿದೆ. ಕೂಸಿನ ತಂದೆ ಎಂದು ಸಹಿ ಮಾಡಿದ್ದಾನೆ. ಓದು ಪರಶು, ಜೋರಾಗಿ ಓದು. ರಕ್ತ ಹಾಕಿದ ಪಟ್ಟಿಯ ಮೇಲೆ ರೋಗವಿದೆ ಎನ್ನುವ ಎರಡು ಗೆರೆ ಮೂಡಿದ್ದೇ ತಡ, ಕೂಸನ್ನು ಪಕ್ಕದ ಮನೆಯ ಭೀಮಿಬಾಯಿಯ ಮಡಿಲಿಗೆ ಹಾಕಿ, ನನಗೆ ಮುಖ ತೋರಿಸದೆ ಊರಿನ ಬಸ್ಸು ಹತ್ತಿದ. ಸೂಜಿಯೇ ಕೂಸಿಗೆ ರೋಗ ಹಚ್ಚಿತು ಎಂದು ನಿನಗೆ ಹೇಳಿದ.

ಅವ್ವಾ, ಸರಿಯಾಗಿ ಕೇಳು. ರೋಗದ ಜೊತೆ ಕಾದಾಡಲು ನನ್ನ ರಕ್ತದಲ್ಲಿ ಒಂದು ಕಾವಲು ಪಡೆ ಹುಟ್ಟಿದೆ. ಅದು ಹೊಟ್ಟೆಯಲ್ಲಿದ್ದಾಗಲೇ ಕೂಸಿಗೂ ಹೋಗಿರುತ್ತದೆ, ಒಂದೂವರೆ ವರ್ಷದವರೆಗೂ ಉಳಿಯಬಹುದು. ಲಸಿಕೆ ಹಾಕಿದರೂ ಅಂಥದೇ ಪಡೆ ಹುಟ್ಟುತ್ತದೆ. ಪೇಟೆಯ ಪಟ್ಟಿ ಆ ಪಡೆಯನ್ನು ಕಂಡು ಗೆರೆ ಎಳೆಯಿತು. ರೋಗವನ್ನೇ ಹುಡುಕುವ ಪರೀಕ್ಷೆ ಬೇರೆ ಇದೆ. ಹುಟ್ಟಿದಾಗ ಮಾಡಿದರು, ಆರು ವಾರಕ್ಕೆ ಮಾಡಿದರು, ಎರಡೂ ಸಲ ರೋಗ ಸಿಗಲಿಲ್ಲ. ಮುಂದೆಯೂ ಮಾಡುತ್ತಾರೆ. ವರದಿಯ ನಕಲು ಜೊತೆಗಿಟ್ಟಿದ್ದೇನೆ. ನಂಬಿಕೆ ಇಲ್ಲದಿದ್ದರೆ ತಾಲೂಕಿನ ಸರಕಾರಿ ದವಾಖಾನೆಯಲ್ಲಿ ತೋರಿಸು. ಪೂಜಾರಿಗೆ ತೋರಿಸಬೇಡ.

ತೊಟ್ಟಿಲನ್ನು ನಿನ್ನೆ ರವಿವಾರ ಇಲ್ಲೇ ಕಟ್ಟಿದೆವು. ಹೆಸರು ಹೇಳಬೇಕಾದ ಸೋದರತ್ತೆ, ದೇವುವಿನ ಅಕ್ಕ, ಫೋನು ಎತ್ತಲಿಲ್ಲ. ಆ ಜಾಗಕ್ಕೆ ಭೀಮಿಬಾಯಿಯನ್ನು ಕರೆದೆ. “ಗಂಡ ಸತ್ತಾಕಿ ನಾ, ಹನ್ನೊಂದು ವರ್ಷಾತು ಯಾರೂ ಕರದಿಲ್ಲ, ಬ್ಯಾಡವಾ” ಎಂದು ಗೋಡೆಗೆ ಸರಿದಳು. ಗಂಡ ಇದ್ದವರು ಬಂದು ನನಗೆ ಏನು ಮಾಡಿದ್ದಾರೆ ಎಂದು ಕೇಳಿದೆ. ಖಾತುನ ಅವಳ ರಟ್ಟೆ ಹಿಡಿದು ಎಳೆದು ತಂದಳು. “ಬೆನ್ನ ಗಟ್ಟಿ ಐತಿಲ್ಲೊ? ಹಂಗಾರ ಬಗ್ಗು.” ಭೀಮಿಬಾಯಿ ಬಗ್ಗಿ, ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳಿದಳು. ಓಣಿಯ ಹೆಂಗಸರೆಲ್ಲ ಪದ್ಧತಿಯಂತೆ ಅವಳ ಬೆನ್ನಿಗೆ ಗುದ್ದಿದರು. “ಸಾಕ ಬಿಡ್ರೇ, ಹನ್ನೊಂದು ವರ್ಷದ್ದು ಒಮ್ಮೆಲೇ ತೀರಿಸ್ತೀರೇನ” ಎಂದು ಅವಳು ನಕ್ಕು ಬೆನ್ನು ತಿಕ್ಕಿಕೊಂಡಳು.

ಹೆಸರು ಸಾವಂತ್ರಿ. ಹೌದು, ನಿನ್ನದೇ. ಬದುಕಿದ್ದವರ ಹೆಸರು ಇಡಬಾರದಂತೆ. ತವರು ಮರೆ ಎಂದೆಯಲ್ಲ, ಅದರ ಜೊತೆ ಆ ಶಾಸ್ತ್ರವನ್ನೂ ಮರೆತೆ. ಇನ್ನು ದಿನಕ್ಕೆ ಹತ್ತು ಸಲ ನಿನ್ನ ಹೆಸರು ಹಿಡಿದು ಬೈಯುತ್ತೇನೆ, ಹತ್ತು ಸಲ ಮುದ್ದು ಮಾಡುತ್ತೇನೆ. ಮೊಮ್ಮಗಳನ್ನು ನೋಡಬೇಕೆನಿಸಿದರೆ ಬಾ. ಷರತ್ತು ಊರಲ್ಲೇ ಬಿಟ್ಟು ಬಾ.

ನೀನು ಹೆತ್ತ ಹಟಮಾರಿ,
ನಂದಾ

ತಾ.ಕ.: ಒಂದು ಮಾತು ಮೇಲೆ ಬರೆಯದೆ ಬಚ್ಚಿಟ್ಟೆ. ಈ ಪರೀಕ್ಷೆಯಲ್ಲಿ ಅರ್ಧ ಕೂಸುಗಳಿಗೆ ಲಸಿಕೆ, ಅರ್ಧಕ್ಕೆ ಬರೀ ಉಪ್ಪುನೀರು. ಯಾವ ಕೂಸಿಗೆ ಯಾವುದು ಎಂದು ಡಾಕ್ಟರಮ್ಮನಿಗೂ ತಿಳಿಸಿರುವುದಿಲ್ಲ. ಕಳೆದ ಸಲ ಸೂಜಿ ಚುಚ್ಚಿದಾಗ ಸಾವಂತ್ರಿ ಅತ್ತದ್ದನ್ನು ನೋಡಿ, ದೇವರೇ ಇದು ಉಪ್ಪುನೀರೇ ಆಗಿರಲಿ ಎಂದು ಬೇಡಿಕೊಂಡೆ. ಮನೆ ಮುಟ್ಟುವಷ್ಟರಲ್ಲಿ, ಲಸಿಕೆಯೇ ಆಗಿರಲಿ ಎಂದು ಬೇಡಿಕೊಂಡೆ. ಬುಧವಾರ ಮುಂದಿನ ಸೂಜಿ. ಎರಡನ್ನೂ ಬೇಡಿಕೊಳ್ಳುತ್ತಲೇ ಸಾವಂತ್ರಿಯನ್ನು ಎತ್ತಿಕೊಂಡು ಹೋಗುತ್ತೇನೆ ಅವ್ವಾ.