ಆರದ ಬೆವರು, ತೆರೆಯದ ಕಿಟಕಿ

ಕೊಳ್ಳೇಗಾಲ, ಏಪ್ರಿಲ್ ೧೯೫೧

ಕಾರ್ಖಾನೆಗಳ ತನಿಖಾಧಿಕಾರಿಗಳಿಗೆ,

ಮಾನ್ಯರೇ, ಮೂಗಿಗೆ ಹಿಡಿದ ಕರವಸ್ತ್ರವನ್ನು ಒಂದು ಗಳಿಗೆ ಕೆಳಗಿಳಿಸಿ ಇದನ್ನು ಓದಬೇಕು. ನಮ್ಮೂರಿನ ರೇಷ್ಮೆ ನೂಲು ತೆಗೆಯುವ ಶೆಡ್ಡಿನಲ್ಲಿ ಬೇಸಿಗೆಯಲ್ಲೂ ಕಿಟಕಿ ತೆರೆಯುವುದಿಲ್ಲ. ಗಾಳಿ ಬಂದರೆ ಎಳೆ ತುಂಡಾಗುತ್ತದಂತೆ. ಒಳಗೆ ಸಾಲಾಗಿ ಬಿಸಿನೀರಿನ ಬಾಣಲೆಗಳು, ಬೆಂದ ಹುಳುವಿನ ನಾತ, ಕಣ್ಣು ಕಾಣದಷ್ಟು ಹಬೆ. ಅಲ್ಲಿ ಕುಳಿತು ಗೂಡಿನಿಂದ ನೂಲೆಳೆಯುವ ಹೆಂಗಸರಲ್ಲಿ ನನ್ನ ತಂಗಿ ಶಿವನಂಜಮ್ಮನೂ ಒಬ್ಬಳು.

ಹೋದ ತಿಂಗಳು ತಾವು ಕೊಯಮತ್ತೂರಿನಿಂದ ದಯಮಾಡಿಸಿದಿರಿ. ಹೊಸ್ತಿಲ ಮೇಲೆ ನಿಂತೇ ಉಷ್ಣಮಾಪಕ ನೋಡಿ, ಪಕ್ಕದ ಮಧುವನಹಳ್ಳಿಯ ಹೊಲದ ಬಿಸಿಲಿಗಿಂತ ಇಲ್ಲಿ ಕಡಿಮೆಯೇ ಇದೆ ಎಂದಿರಿ. ಹೆಂಗಸರ ಒದ್ದೆ ಸೀರೆ ಕಂಡು, ಬೆವರಿದರೆ ಮೈ ತಂಪಾಗುತ್ತದೆ ಎಂದು ಪಾಠವನ್ನೂ ಹೇಳಿದಿರಿ.

ಬೆವರು ಹರಿದರೆ ಸಾಕೇ ಸ್ವಾಮಿ? ಅದು ಆರಬೇಡವೇ? ಹೊಲದಲ್ಲಿ ಗಾಳಿ ಬೆವರನ್ನು ಒಯ್ಯುತ್ತದೆ, ಜೊತೆಗೆ ಮೈಯ ಕಾವನ್ನೂ. ಹಬೆ ತುಂಬಿದ ಕಡೆ ಬೆವರು ಆರುವುದಿಲ್ಲ, ಕಾವು ಮೈಯೊಳಗೇ ಏರುತ್ತದೆ. ನಂಬಿಕೆಯಿಲ್ಲವೇ? ನಮ್ಮ ಜಗುಲಿಯ ಮಡಕೆಯಲ್ಲಿ ನಡುಮಧ್ಯಾಹ್ನವೂ ನೀರು ತಣ್ಣಗಿರುತ್ತದೆ. ಅದೇ ಮಡಕೆಯನ್ನು ಶೆಡ್ಡಿನೊಳಗಿಟ್ಟರೆ ಬಾಯಿಗಿಡಲಾರದಷ್ಟು ಬೆಚ್ಚಗಾಗುತ್ತದೆ.

ತಾವು ಹೋಗಿ ವಾರ ತುಂಬುವುದರೊಳಗೆ ಶಿವನಂಜಿ ಏನೇನೋ ತೊದಲುತ್ತ ಬಾಣಲೆಯ ಪಕ್ಕದಲ್ಲೇ ಬಿದ್ದಳು. ಮೈ ಸುಡುತ್ತಿತ್ತು. ನಮ್ಮ ಸೀಮೆಯಲ್ಲಿ ಮೈ ಸುಟ್ಟರೆ ಅದು ಚಳಿಜ್ವರವೇ! ಮೇಸ್ತ್ರಿ ಕಂಬಳಿ ತರಿಸಿದ.

"ಚಳಿಜ್ವರ ಕಣಮ್ಮಿ, ಕಂಬ್ಳಿ ಒದ್ಸಿ ಒದ್ಸಿ. ಬೆವ್ರು ಬುಡ್ಲಿ."

ಪಕ್ಕದಲ್ಲಿ ಕೂರುವ ಗುರುಬಸಮ್ಮ ಕಂಬಳಿ ಕಿತ್ತೆಸೆದಳು. "ಬೆವ್ರು ಬುಟ್ಟೂ ಬುಟ್ಟೇ ಬಿದ್ದವ್ಳೆ, ಇನ್ನೆಷ್ಟ್ಲಾ ಬುಡ್ಬೇಕು? ಈಚ್ಗೆ ಎತ್ಕಳ್ರಮ್ಮಿ!"

ಹೆಂಗಸರು ಬಾವಿಕಟ್ಟೆಗೆ ಹೊತ್ತೊಯ್ದು, ನೀರು ಹುಯ್ದು ಮೊರದಲ್ಲಿ ಬೀಸಿದರು. ನಾನು ಮಗ್ಗ ಬಿಟ್ಟು ಓಡಿಬಂದಾಗ ತಂಗಿ ಕಣ್ಣು ಬಿಟ್ಟಿದ್ದಳು. "ಅಣ್ಣ, ಗಾಳಿ ಬತ್ತಾದೆ ಕಣ" ಎಂದಳು. ನನಗೆ ಅಳು ಬಂತು.

ನನ್ನ ದೂರಿಗೆ ತಮ್ಮ ಉತ್ತರವೇನು? ಮನೆಯಿಂದಲೇ ತಂದ ಚಳಿಜ್ವರ, ಶೆಡ್ಡಿನ ದೋಷವಿಲ್ಲ, ಕ್ವಿನೈನ್ ನುಂಗಿ ಸೋಮವಾರದಿಂದ ಕೆಲಸಕ್ಕೆ ಬರಲಿ! ಹುಳು ಬೇಯಿಸುವುದು ನಮ್ಮೂರ ಕಸುಬು, ಒಪ್ಪುತ್ತೇನೆ. ಹೆಂಗಸರನ್ನು ಬೇಯಿಸಿ ಅದಕ್ಕೆ ಜ್ವರವೆಂದು ಹೆಸರಿಡುವುದು ಯಾರ ಕಸುಬು?

ಸೋಮವಾರದೊಳಗೆ ಕಿಟಕಿಗಳನ್ನು ತೆರೆಸಿ, ಹಬೆ ಹೋಗಲು ಮಾಡಿನಲ್ಲಿ ದಾರಿ ಬಿಡಿಸಿ. ಆಗದಿದ್ದರೆ ಅಂದು ತಾವೇ ಬಂದು, ಕೋಟು ಕಳಚದೆ, ಶಿವನಂಜಿಯ ಜಾಗದಲ್ಲಿ ಒಂದು ಹೊತ್ತು ಕುಳಿತುಕೊಳ್ಳಿ. ನಾನು ಮೊರ ಹಿಡಿದು ಬಾವಿಕಟ್ಟೆಯಲ್ಲಿ ಕಾದಿರುತ್ತೇನೆ. ತುಂಡಾದ ಎಳೆಗೆ ಗಂಟು ಹಾಕುವುದು ನನಗೆ ಗೊತ್ತು, ದಿನವೂ ಹಾಕುತ್ತೇನೆ. ತಂಗಿಯ ಉಸಿರು ತುಂಡಾದರೆ ಹಾಕಲಾರೆ.

ಇಂತಿ,
ತಮ್ಮ ಕಚೇರಿ ದಯಪಾಲಿಸಿದ ಚಳಿಜ್ವರದವಳ ಅಣ್ಣ,
ಮಗ್ಗದ ಮಾದಸ್ವಾಮಿ