ಕೊಂಬೆಯ ಹಿಂಬದಿ

ಹ್ಯಾನ್‌ಕಾಕ್, ಮಿಷಿಗನ್
ಜನವರಿ 11, ಗುರುವಾರ

ಪ್ರೀತಿಯ ವರ್ನಾ,

‘ಪ್ರೀತಿಯ’ ಎಂದು ಬರೆದದ್ದು ಕೈಯ ಅಭ್ಯಾಸ. ಅದನ್ನು ನೆಚ್ಚಿಕೊಳ್ಳಬೇಡ.

ನಿನ್ನೆ ಡೋರಿಸಳ ಅಂಗಡಿಗೆ ಹೋಗಿದ್ದೆ. ಗಲ್ಲಾದ ಹಿಂದೆ ಊರಿನ ಹೊಸ ಕ್ಯಾಲೆಂಡರ್ ತೂಗುತ್ತಿತ್ತು. ಜನವರಿ ಪುಟದಲ್ಲಿ ನನ್ನ ಚಿಕಡೀ ಹಕ್ಕಿ, ಅದರ ಕೆಳಗೆ ನಿನ್ನ ಹೆಸರು. “ನೋಡಿದ್ರಾ ಐಲಿ ಅಮ್ಮ, ನಿಮ್ಮ ಶಿಷ್ಯೆ ಎಂಥಾ ಫೋಟೋ ತೆಗ್ದಿದ್ದಾಳೆ! ನೀವು ಕಲಿಸಿದ್ದು ಸಾರ್ಥಕ ಆಯ್ತು ಬಿಡಿ” ಎಂದಳು ಡೋರಿಸ್. ನಾನು ನಕ್ಕು, ಬೆಣ್ಣೆ ಕೊಳ್ಳುವುದನ್ನೂ ಮರೆತು ಮನೆಗೆ ಬಂದೆ.

ಆ ಚಿತ್ರಕ್ಕಾಗಿ ನಾನು ಹೋದ ಚಳಿಗಾಲ ಹಿತ್ತಲಿನ ಸೌನಾ ಕೋಣೆಯಲ್ಲಿ ಮೂರು ದಿನ ಬೆಳಗ್ಗೆ ಕೂತಿದ್ದೆ. ಒಲೆ ಹಚ್ಚಿದರೆ ಕಿಟಕಿಯ ಗಾಜು ಮಸುಕಾಗುತ್ತದೆ ಎಂದು ಶನಿವಾರದ ಹಬೆಸ್ನಾನವನ್ನೂ ಬಿಟ್ಟೆ. ನಮ್ಮ ಮನೆತನದಲ್ಲಿ ಶನಿವಾರದ ಸೌನಾ ತಪ್ಪಿಸಿದವರು ಸತ್ತವರು ಮಾತ್ರ. ಕ್ಯಾಮೆರಾದ ಬ್ಯಾಟರಿ ಚಳಿಗೆ ಸೋಲದಂತೆ ಅದನ್ನು ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿಕೊಳ್ಳುತ್ತಿದ್ದೆ. ಮೂರನೆಯ ದಿನ ಹಿಮ ಬೀಳುವಾಗ ಹಕ್ಕಿ ಬಂದು ಕಿಟಕಿಯೆದುರಿನ ಕೊಂಬೆಯ ಮೇಲೆ ಕೂತಿತು. ಮೈಯೆಲ್ಲ ಉಬ್ಬಿಸಿಕೊಂಡಿತ್ತು, ಕೊಕ್ಕಿನ ಮೇಲೆ ಒಂದೇ ಒಂದು ಹಿಮದ ಹಳುಕು. ತೆಗೆದೆ. ಆ ಸಂತೋಷದಲ್ಲಿ ಹೊರಗೆ ಬರುವಾಗ ಮೆಟ್ಟಿಲ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡೆ.

ಆಗ ನೀನು ಬಂದೆ. “ನೀವು ಸುಮ್ನೆ ಕೂತ್ಕೊಳ್ಳಿ ಅಮ್ಮ, ಫೋಟೋನೆಲ್ಲ ನಾನು ಕಂಪ್ಯೂಟರಿಗೆ ಹಾಕ್ತೀನಿ” ಅಂದೆ. ನನ್ನ ಏಲಕ್ಕಿ ಬ್ರೆಡ್ಡನ್ನು ಕಾಫಿಯಲ್ಲಿ ಅದ್ದಿ ನಾಲ್ಕು ತುಂಡು ತಿಂದೆ. ಆಮೇಲೆ ಕ್ಯಾಮೆರಾದ ಕಾರ್ಡ್ ಕೆಟ್ಟುಹೋಗಿದೆ, ಒಂದು ಫೋಟೋವೂ ಉಳಿದಿಲ್ಲ ಅಂದೆ. ನಾನು ಅತ್ತೆ, ನೀನು ಬೆನ್ನು ಸವರಿದೆ. ಕದ್ದದ್ದನ್ನಾದರೂ ಮರೆತೇನು, ಆ ಬೆನ್ನು ಸವರಿದ್ದನ್ನು ಮರೆಯಲಾರೆ. ಉಂಡ ಮನೆಗೇ ಎರಡು ಬಗೆದೆಯಲ್ಲ.

ಬರುವ ಭಾನುವಾರ ಅದೇ ಚಿತ್ರಕ್ಕೆ ನಮ್ಮ ಫೋಟೋ ಸಂಘದ ಬಹುಮಾನ ನಿನಗೇ ಎಂದು ಕೇಳಿದೆ. ತಿನಿಸಿಟ್ಟು ಕರೆದ ಹಕ್ಕಿಯಾದರೆ ಹಾಗೆಂದು ಬರೆದು ತಿಳಿಸಬೇಕು ಎನ್ನುವುದು ಸಂಘದ ನಿಯಮ. ಹೋದ ವರ್ಷ ಅದೇ ನಿಯಮ ಹಿಡಿದು ಟೋಯ್ವೋ ತಾತನ ಗೂಬೆಯ ಚಿತ್ರವನ್ನು ಸ್ಪರ್ಧೆಯಿಂದ ತೆಗೆಸಿಹಾಕಿದವಳು ನೀನೇ. “ಇಲಿ ತೋರ್ಸಿ ಕರೆದ ಗೂಬೆ ಕಾಡಿನ ಗೂಬೆ ಅಲ್ಲ, ತಾತ, ಅದು ನೆಂಟ” ಅಂದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಮುದುಕ ಮತ್ತೆ ಸಂಘದ ಕಡೆ ತಲೆ ಹಾಕಲಿಲ್ಲ. ಈಗ ನಿನ್ನ ಅರ್ಜಿಯಲ್ಲಿ ‘ಕಾಡಿನಲ್ಲಿ ತೆಗೆದದ್ದು, ತಿನಿಸಿಟ್ಟಿಲ್ಲ’ ಎಂದು ಬರೆದಿದ್ದೀಯಂತೆ.

ವರ್ನಾ, ನೀನು ಕದ್ದದ್ದು ಕೊಂಬೆಯ ಮುಂಬದಿ. ಹಿಂಬದಿಯನ್ನು ನೀನು ನೋಡಿಯೇ ಇಲ್ಲ. ಆ ಕೊಂಬೆಯನ್ನು ಸೌನಾ ಕಿಟಕಿಯ ಎದುರಿನ ಕಂಬಕ್ಕೆ ಮೊಳೆ ಹೊಡೆದು ಕೂರಿಸಿದವಳು ನಾನು. ಹಿಂದೆ ನಾಲ್ಕು ತೂತು ಕೊರೆದು, ಕೊಬ್ಬು ಮತ್ತು ಸೂರ್ಯಕಾಂತಿ ಬೀಜ ತುಂಬಿದ್ದೇನೆ. ಅದರ ಸೀಳಿದ ಗಂಟು ಕ್ಯಾಲೆಂಡರಿನಲ್ಲಿ ಕುರುಡರಿಗೂ ಕಾಣುತ್ತದೆ.

ಭಾನುವಾರ ಆ ಕೊಂಬೆಯನ್ನು ಟವೆಲಿನಲ್ಲಿ ಸುತ್ತಿ ತರುತ್ತೇನೆ. ಕಳ್ಳತನದ ಮಾತೇ ಎತ್ತುವುದಿಲ್ಲ. ಟೋಯ್ವೋ ತಾತನನ್ನೂ ಕರೆದಿದ್ದೇನೆ, ಕೊಂಬೆ ತಿರುಗಿಸಿ ತೋರಿಸುವವನು ಅವನೇ. ಚಿತ್ರ ನಿನ್ನದೆಂದರೆ ನೀನು ಸುಳ್ಳಿ, ನಿನ್ನದಲ್ಲವೆಂದರೆ ಕಳ್ಳಿ. ಯಾವುದು ಬೇಕೋ ಆರಿಸಿಕೋ. ಮಾಡಿದ್ದುಣ್ಣೋ ಮಹಾರಾಯ ಎನ್ನುವುದು ಮಹಾರಾಯಿತಿಯರಿಗೂ ಸಲ್ಲುತ್ತದೆ.

ನಿನ್ನ ಕೈಗೆ ಕ್ಯಾಮೆರಾ ಕೊಟ್ಟ,
ಐಲಿ ಕರ್ವೋನೆನ್

ತಾ.ಕ.: ನನ್ನ ಬಹುಮಾನದ ಮೂರು ಚಿತ್ರಗಳಲ್ಲೂ ಇದೇ ಕೊಂಬೆ ಇದೆಯಲ್ಲ ಎಂದು ನಿನಗೆ ಹೊಳೆಯದೆ ಇರದು. ಹೌದು, ಇದೆ. ನಾನೂ ಬರೆದು ತಿಳಿಸಿರಲಿಲ್ಲ. ಇವತ್ತು ಬೆಳಗ್ಗೆ ಬಹುಮಾನದ ಮೂರು ಕಪ್ಪುಗಳನ್ನೂ ಸಂಘದ ಕಾರ್ಯದರ್ಶಿಯ ಮನೆಗೆ ಹೋಗಿ ಒಪ್ಪಿಸಿ, ತಪ್ಪೊಪ್ಪಿಕೊಂಡು ಬಂದೆ. ನನ್ನನ್ನು ಹೆದರಿಸಲು ನಿನ್ನ ಹತ್ತಿರ ಇನ್ನೇನೂ ಉಳಿದಿಲ್ಲ. ತಪ್ಪದೆ ಬಾ.